ಮೂರನೇ ಗ್ರೂಪಿನಲ್ಲಿ ಬರಬಾರದ ಬಿಳಿ ಬಂದಾಗ: ಸಾಲ್ಟ್ ಅನಾಲಿಸಿಸ್‌ನಲ್ಲಿ ತಪ್ಪು ಹುಡುಕುವ ದಾರಿ

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಯಾವ ಅಯಾನುಗಳಿವೆ ಅಂತ ಕಂಡುಹಿಡಿಯುವುದು) ಮಾಡಿಸುವಾಗ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು: "ಮೇಡಂ, ನನಗೆ ಅಲ್ಯುಮಿನಿಯಂ ಬಂತು. ಪಕ್ಕದವಳಿಗೆ ಬರಲಿಲ್ಲ. ಇಬ್ಬರಿಗೂ ಒಂದೇ ಸಾಲ್ಟ್ ಅಲ್ವಾ ಕೊಟ್ಟಿದ್ದು?"

ಒಂದು ವರ್ಷ ಒಂದೇ ಬ್ಯಾಚಿನ ಎಂಟು ಮಕ್ಕಳಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿದ್ದೆ. ಐದು ಜನ ಅಲ್ಯುಮಿನಿಯಂ ಅಂತ ಬರೆದರು. ಮೂರು ಜನ ಮೆಗ್ನೀಸಿಯಂ ಅಂತ ಬರೆದರು. ಸಾಲ್ಟ್ ಒಂದೇ ಡಬ್ಬಿಯದು, ಬಾಟಲಿಗಳು ಒಂದೇ ಶೆಲ್ಫಿನವು. ಐದು ಜನರೂ ಒಟ್ಟಿಗೆ ಅಜಾಗರೂಕರಾಗಿದ್ದರು ಅಂತ ನಂಬಲು ನನಗೆ ಮನಸ್ಸಾಗಲಿಲ್ಲ. ಅವರ ಟೆಸ್ಟ್ ಟ್ಯೂಬ್‌ಗಳಲ್ಲಿ ಬಿಳಿ ಪ್ರಕ್ಷೇಪ (ದ್ರಾವಣದಿಂದ ಬೇರ್ಪಟ್ಟು ಇಳಿಯುವ ಘನ) ನಿಜವಾಗಿಯೂ ಇತ್ತು. ಅವರು ಕಂಡದ್ದನ್ನೇ ಬರೆದಿದ್ದರು. ಹಾಗಿದ್ದರೆ ತಪ್ಪು ಎಲ್ಲಿತ್ತು?

ಆ ಮಧ್ಯಾಹ್ನ ಮಕ್ಕಳ ಜೊತೆ ಕೂತು ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಲೋಹದ ಅಯಾನುಗಳನ್ನು ಒಂದೊಂದು ಕಾರಕ ಹಾಕಿ ಸರದಿಯಾಗಿ ಇಳಿಸುವ ಹಂತಗಳಿಗೆ ಗ್ರೂಪ್ ಅನ್ನುತ್ತೇವೆ. ಬೇರೆ ಗ್ರೂಪುಗಳಲ್ಲಿ ಆಗುವ ಇಂಥದ್ದೇ ತಪ್ಪುಗಳನ್ನೂ ಸೇರಿಸಿದ್ದೇನೆ. ಎಲ್ಲದರ ಹಿಂದೆಯೂ ಇರುವುದು ಕ್ಲಾಸಿನಲ್ಲಿ ಓದಿದ ಅಯಾನು ಸಮತೋಲನವೇ. ಆದರೆ ಕ್ಲಾಸಿನಲ್ಲಿ ಅದು ಲೆಕ್ಕವಾಗಿ ಬರುತ್ತದೆ, ಲ್ಯಾಬ್‌ನಲ್ಲಿ ತಪ್ಪಾಗಿ ಬರುತ್ತದೆ. ಎರಡೂ ಒಂದೇ ಅಂತ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ತಪ್ಪು ಪ್ರಕ್ಷೇಪ ಬಂದಾಗ "ಯಾವ ಸಾಲ್ಟ್ ಇರಬಹುದು?" ಅಂತ ಯೋಚಿಸಬೇಡಿ. "ಯಾವ ಅಯಾನಿನ ಸಾರತೆ ಹಿಡಿತ ತಪ್ಪಿದೆ?" ಅಂತ ಕೇಳಿ. ಸಾರತೆ ಅಂದರೆ ಅದು ದ್ರಾವಣದಲ್ಲಿ ಎಷ್ಟಿದೆ ಅನ್ನುವ ಪ್ರಮಾಣ.

ಯಾಕೆಂದರೆ ಗ್ರೂಪ್ ವಿಂಗಡಣೆ ನಿಂತಿರುವುದೇ ಆ ಹಿಡಿತದ ಮೇಲೆ. ಪ್ರತಿ ಗ್ರೂಪಿನಲ್ಲೂ ನಾವು ಒಂದು ಅಯಾನನ್ನು ಅಳತೆಯಲ್ಲಿ ಇಡುತ್ತೇವೆ. ಮೊದಲನೆಯದರಲ್ಲಿ ಕ್ಲೋರೈಡ್. ಎರಡನೆಯದರಲ್ಲಿ ಸಲ್ಫೈಡ್, ಅದೂ ತೀರಾ ಸ್ವಲ್ಪ. ಮೂರನೆಯದರಲ್ಲಿ ಹೈಡ್ರಾಕ್ಸೈಡ್, ಅದೂ ಸ್ವಲ್ಪವೇ. ನಾಲ್ಕರಲ್ಲಿ ಮತ್ತೆ ಸಲ್ಫೈಡ್, ಈ ಸಲ ಜಾಸ್ತಿ. ಐದರಲ್ಲಿ ಕಾರ್ಬೊನೇಟ್. ಲೋಹದ ಅಯಾನು ಮತ್ತು ಈ ಅಯಾನಿನ ಸಾರತೆಗಳ ಗುಣಲಬ್ಧ ಆ ಲವಣದ ಕೆಎಸ್‌ಪಿಯನ್ನು (ಎಷ್ಟು ಕರಗಬಹುದು ಅನ್ನುವ ಮಿತಿ ಹೇಳುವ ಸ್ಥಿರಾಂಕ) ದಾಟಿದರೆ ಪ್ರಕ್ಷೇಪ ಬರುತ್ತದೆ, ದಾಟದಿದ್ದರೆ ಬರುವುದಿಲ್ಲ. ಗುಣಿಸುವಾಗ ಸೂತ್ರದಲ್ಲಿ ಎಷ್ಟು ಅಯಾನುಗಳಿವೆಯೋ ಅಷ್ಟು ಘಾತ ಹಾಕಬೇಕು, ಅದನ್ನು ಮರೆಯಬಾರದು. ಹಿಡಿತ ಸಡಿಲವಾದರೆ ಮುಂದಿನ ಗ್ರೂಪಿನವರು ಹಿಂದಿನ ಗ್ರೂಪಿಗೆ ನುಗ್ಗುತ್ತಾರೆ. ಹಿಡಿತ ಬಿಗಿಯಾದರೆ ಇಲ್ಲೇ ಇಳಿಯಬೇಕಾದವರು ಮುಂದಕ್ಕೆ ಹೋಗುತ್ತಾರೆ.

ಇದಕ್ಕೂ ಮೊದಲು ಎರಡು ಪರೀಕ್ಷೆ ಮಾಡಿಬಿಡಿ. ಐದು ನಿಮಿಷದ ಕೆಲಸ. ಒಂದು, ಸಾಲ್ಟ್ ಹಾಕದೆ ಬರೀ ನೀರಿಗೆ ಅದೇ ರಾಸಾಯನಿಕಗಳನ್ನು ಅದೇ ಕ್ರಮದಲ್ಲಿ ಹಾಕಿ ನೋಡಿ. ಅಲ್ಲೂ ಮಸುಕು ಬಂದರೆ ನೀರು ಅಥವಾ ಬಾಟಲಿ ಕೆಟ್ಟಿದೆ. ಇನ್ನೊಂದು, ಯಾವುದು ಅಂತ ಗೊತ್ತಿರುವ ಸಾಲ್ಟ್ ತೆಗೆದುಕೊಂಡು ಅದೇ ಬಾಟಲಿಗಳಿಂದ ಅದೇ ಪರೀಕ್ಷೆ ಮಾಡಿ. ಗೊತ್ತಿರುವ ಸಾಲ್ಟೇ ತಪ್ಪು ಉತ್ತರ ಕೊಟ್ಟರೆ, ನಿಮ್ಮ ಸಾಲ್ಟನ್ನು ದೂರಿ ಉಪಯೋಗವಿಲ್ಲ.

ಆ ದಿನ ನಾವು ಮಾಡಿದ್ದೂ ಇದನ್ನೇ. ಬರೀ ನೀರಿನಲ್ಲಿ ಏನೂ ಬರಲಿಲ್ಲ. ಹೊಸ ಡಬ್ಬಿಯ ಮೆಗ್ನೀಸಿಯಂ ಕ್ಲೋರೈಡ್ ತೆಗೆದುಕೊಂಡರೆ ಮೂರನೇ ಗ್ರೂಪಿನಲ್ಲೇ ಬಿಳಿ ಬಂತು. ಅಂದರೆ ತಪ್ಪು ಬಾಟಲಿಯಲ್ಲಿತ್ತು. ಆದರೆ ಯಾವ ಬಾಟಲಿ? ಮತ್ತೆ ಆ ಮೂರು ಮಕ್ಕಳು ಹೇಗೆ ಪಾರಾದರು?

ಮೂರನೇ ಗ್ರೂಪ್

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ತಪ್ಪುಗಳು ಅತಿ ಹೆಚ್ಚು ಹುಟ್ಟುವ ಜಾಗ ಇದೇ.

ಮೂರನೇ ಗ್ರೂಪಿನಲ್ಲಿ ಮೊದಲು ಅಮೋನಿಯಂ ಕ್ಲೋರೈಡ್, ಆಮೇಲೆ ಅಮೋನಿಯಂ ಹೈಡ್ರಾಕ್ಸೈಡ್ (ನೀರಿನಲ್ಲಿ ಕರಗಿದ ಅಮೋನಿಯಾ) ಹಾಕುತ್ತೇವೆ. ಬಹಳ ಮಕ್ಕಳು ಅಮೋನಿಯಂ ಕ್ಲೋರೈಡನ್ನು ಶಾಸ್ತ್ರಕ್ಕೆ ಹಾಕುತ್ತಾರೆ. "ಪುಸ್ತಕದಲ್ಲಿದೆ, ಹಾಕಿದೆ" ಅನ್ನುತ್ತಾರೆ. ಅದು ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ಅಂಕಿಗಳಲ್ಲಿ ನೋಡಿದ ಮೇಲೆ ಯಾರೂ ಹಾಗೆ ಹಾಕುವುದಿಲ್ಲ.

ದ್ರಾವಣದಲ್ಲಿ ಮೆಗ್ನೀಸಿಯಂ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಇದೆ ಅಂತ ಇಟ್ಟುಕೊಳ್ಳಿ. ಅಮೋನಿಯಾ ಕೂಡ 0.1 ಮೋಲಾರ್. ಅಮೋನಿಯಾ ದುರ್ಬಲ ಪ್ರತ್ಯಾಮ್ಲ, ಅದರ ಕೆಬಿ (ಪ್ರತ್ಯಾಮ್ಲದ ಬಲ ಹೇಳುವ ಸ್ಥಿರಾಂಕ) 1.8 × 10⁻⁵. ಅಮೋನಿಯಂ ಕ್ಲೋರೈಡ್ ಹಾಕದೇ ಇದ್ದರೆ ಹೈಡ್ರಾಕ್ಸೈಡ್ ಸಾರತೆ ಸುಮಾರು 1.3 × 10⁻³ ಮೋಲಾರ್ ಆಗುತ್ತದೆ. ಅದರ ವರ್ಗವನ್ನು ಮೆಗ್ನೀಸಿಯಂ ಸಾರತೆಯಿಂದ ಗುಣಿಸಿ. 1.8 × 10⁻⁷ ಬರುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಕೆಎಸ್‌ಪಿ 1.8 × 10⁻¹¹. ಹತ್ತು ಸಾವಿರ ಪಟ್ಟು ದಾಟಿಬಿಟ್ಟಿತು. ಬಿಳಿ ಪ್ರಕ್ಷೇಪ ಖಂಡಿತ.

ಈಗ ಅಮೋನಿಯಂ ಕ್ಲೋರೈಡ್ 1 ಮೋಲಾರ್ ಆಗುವಷ್ಟು ಇದೆ ಅಂತ ಇಟ್ಟುಕೊಳ್ಳಿ. ದ್ರಾವಣದಲ್ಲಿ ಅಮೋನಿಯಂ ಅಯಾನು ತುಂಬಿದೆ. ಅಮೋನಿಯಾದ ಸಮತೋಲನ ಹಿಂದಕ್ಕೆ ಸರಿಯುತ್ತದೆ. ಹೈಡ್ರಾಕ್ಸೈಡ್ 1.8 × 10⁻⁶ಕ್ಕೆ ಇಳಿಯುತ್ತದೆ. ಮೆಗ್ನೀಸಿಯಂ ಜೊತೆ ಗುಣಲಬ್ಧ 3.2 × 10⁻¹³. ಕೆಎಸ್‌ಪಿಗಿಂತ ಕಡಿಮೆ, ಪ್ರಕ್ಷೇಪ ಇಲ್ಲ. ಅದೇ ಹೈಡ್ರಾಕ್ಸೈಡ್ ಅಲ್ಯುಮಿನಿಯಂಗೆ ಸಾಕಾಗುತ್ತದೆಯೇ? ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಕೆಎಸ್‌ಪಿ 1.3 × 10⁻³³. ಗುಣಲಬ್ಧ 10⁻¹⁹ರ ಆಸುಪಾಸಿನಲ್ಲಿದೆ. ಧಾರಾಳವಾಗಿ ಸಾಕು. ಫೆರಿಕ್ ಹೈಡ್ರಾಕ್ಸೈಡಿನದು 10⁻³⁸, ಅದಕ್ಕೂ ಧಾರಾಳ. ಅಲ್ಯುಮಿನಿಯಂ, ಕಬ್ಬಿಣ ಕೆಳಗೆ ಇಳಿಯುತ್ತವೆ, ಮೆಗ್ನೀಸಿಯಂ ಮೇಲೆ ಉಳಿಯುತ್ತದೆ. ಕಾಮನ್ ಅಯಾನ್ ಎಫೆಕ್ಟ್ ಅಂತ ಎರಡು ಅಂಕದ ಪ್ರಶ್ನೆಗೆ ಬರೆಯುವುದು ಇದನ್ನೇ. ಟ್ಯೂಬ್‌ನಲ್ಲಿ ಅದು ಒಂದು ಅಣೆಕಟ್ಟಿನ ಕೆಲಸ ಮಾಡುತ್ತದೆ.

ಅಣೆಕಟ್ಟು ಅರ್ಧ ಕಟ್ಟಿದ್ದರೆ? ಅಮೋನಿಯಂ ಕ್ಲೋರೈಡ್ 0.1 ಮೋಲಾರ್ ಮಾತ್ರ ಇದ್ದರೆ ಗುಣಲಬ್ಧ 3.2 × 10⁻¹¹ ಆಗುತ್ತದೆ. ಮಿತಿಯನ್ನು ಸ್ವಲ್ಪವೇ ದಾಟಿದೆ, ಆದರೆ ದಾಟಿದೆ. ಅದೇ ಟ್ಯೂಬಿಗೆ "ಎಕ್ಸೆಸ್ ಹಾಕಬೇಕು" ಅಂತ ಅಮೋನಿಯಾ ಸುರಿದು 1 ಮೋಲಾರ್ ಮಾಡಿದರೆ ಗುಣಲಬ್ಧ ಇನ್ನೂ ನೂರು ಪಟ್ಟು ಏರುತ್ತದೆ. ಹಾಗಾಗಿ ಅಮೋನಿಯಂ ಕ್ಲೋರೈಡ್ ಹಾಕಿದ್ದೀರಾ ಇಲ್ಲವಾ ಅನ್ನುವುದಷ್ಟೇ ಮುಖ್ಯವಲ್ಲ. ಅಮೋನಿಯಾಕ್ಕೆ ಹೋಲಿಸಿದರೆ ಅದು ಎಷ್ಟಿದೆ ಅನ್ನುವುದು ಮುಖ್ಯ. ವಾಸನೆ ಬರುವಷ್ಟು ಅಮೋನಿಯಾ ಸಾಕು, ಅರ್ಧ ಟ್ಯೂಬ್ ಬೇಡ.

ನಮ್ಮ ಲ್ಯಾಬ್‌ನಲ್ಲಿ ಆಗ ಅಮೋನಿಯಂ ಕ್ಲೋರೈಡನ್ನು ದ್ರಾವಣ ಮಾಡಿ ಬಾಟಲಿಯಲ್ಲಿ ಇಡುತ್ತಿದ್ದೆವು. 100 ಮಿಲಿಲೀಟರಿಗೆ 20 ಗ್ರಾಂ ಹಾಕಿ ಹೊಸದಾಗಿ ಮಾಡಿದೆವು. ಹಳೆ ಬಾಟಲಿಯದ್ದು ಒಂದು ಟ್ಯೂಬಿಗೆ, ಹೊಸದು ಇನ್ನೊಂದಕ್ಕೆ. ಎರಡಕ್ಕೂ ಅದೇ ಮೆಗ್ನೀಸಿಯಂ ಕ್ಲೋರೈಡ್, ಅಷ್ಟೇ ಹನಿ ಅಮೋನಿಯಾ. ಹಳೆಯದರಲ್ಲಿ ಬಿಳಿ ಬಂತು. ಹೊಸದು ತಿಳಿಯಾಗಿಯೇ ಉಳಿಯಿತು. ಬಾಟಲಿ ಖಾಲಿಯಾಗುತ್ತಾ ಬಂದಾಗ ಯಾರೋ ನೀರು ಸೇರಿಸಿದ್ದರು. ಬಣ್ಣವಿಲ್ಲದ, ವಾಸನೆಯಿಲ್ಲದ ದ್ರಾವಣ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಇನ್ನು ಆ ಮೂರು ಮಕ್ಕಳ ವಿಷಯ. ಅವರ ರೆಕಾರ್ಡ್ ತೆಗೆದು ನೋಡಿದೆ. ಐದು ಜನ ಸಾಲ್ಟನ್ನು ನೀರಿನಲ್ಲಿ ಕರಗಿಸಿ ಒರಿಜಿನಲ್ ಸೊಲ್ಯೂಷನ್ ಮಾಡಿಕೊಂಡಿದ್ದರು. ಮೂರು ಜನ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ್ದರು. ನೋಡಿ, ಎಷ್ಟು ಚೆಂದ! ಆಮ್ಲದ ದ್ರಾವಣಕ್ಕೆ ಅಮೋನಿಯಾ ಹಾಕಿದಾಗ ಅದು ಮೊದಲು ಆಮ್ಲದ ಜೊತೆ ಸೇರಿ ಅಮೋನಿಯಂ ಕ್ಲೋರೈಡ್ ಆಗುತ್ತದೆ. ಬಾಟಲಿಯಲ್ಲಿ ಇಲ್ಲದ ಅಮೋನಿಯಂ ಅಯಾನನ್ನು ಆ ಮೂವರು ತಮಗೆ ತಿಳಿಯದೆಯೇ ಟ್ಯೂಬಿನಲ್ಲೇ ತಯಾರಿಸಿಕೊಂಡಿದ್ದರು. ನೀರಿನಲ್ಲಿ ಕರಗಿಸಿದವರು ಮಾಡಿದ್ದೂ ಸರಿಯೇ. ಮೆಗ್ನೀಸಿಯಂ ಸಲ್ಫೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಆಮ್ಲ ಹಾಕುವ ಅಗತ್ಯವೇ ಇರಲಿಲ್ಲ. ಐವರಿಗೂ ಪೂರ್ತಿ ಅಂಕ ಕೊಟ್ಟೆ.

ಬಂದ ಬಿಳಿ ಅಲ್ಯುಮಿನಿಯಂದೋ ಮೆಗ್ನೀಸಿಯಂದೋ ಅಂತ ತಿಳಿಯಲು ಇಡೀ ವಿಶ್ಲೇಷಣೆ ಮತ್ತೆ ಮಾಡಬೇಕಿಲ್ಲ. ಅದೇ ಟ್ಯೂಬಿಗೆ ಘನ ಅಮೋನಿಯಂ ಕ್ಲೋರೈಡ್ ಎರಡು ಚಿಟಿಕೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿದ್ದರೆ ಕರಗಿಹೋಗುತ್ತದೆ. ಅಮೋನಿಯಂ ಅಯಾನು ಹೈಡ್ರಾಕ್ಸೈಡನ್ನು ಎಳೆದುಕೊಳ್ಳುತ್ತದೆ, ಗುಣಲಬ್ಧ ಮಿತಿಯ ಕೆಳಗೆ ಇಳಿಯುತ್ತದೆ. ಅಲ್ಯುಮಿನಿಯಂ ಆಗಿದ್ದರೆ ಅಲ್ಲಾಡುವುದಿಲ್ಲ. ಇದಕ್ಕೆ ಉಲ್ಟಾ ಪರೀಕ್ಷೆ ಸೋಡಿಯಂ ಹೈಡ್ರಾಕ್ಸೈಡಿನದು. ಪ್ರಕ್ಷೇಪವನ್ನು ಸೋಸಿ, ನೀರಿನಲ್ಲಿ ತೊಳೆದು, ಸೋಡಿಯಂ ಹೈಡ್ರಾಕ್ಸೈಡ್ ಜಾಸ್ತಿ ಹಾಕಿ. ಅಲ್ಯುಮಿನಿಯಂ ಕರಗುತ್ತದೆ, ಮೆಗ್ನೀಸಿಯಂ ಕರಗುವುದಿಲ್ಲ. ಕರಗಿದ್ದಕ್ಕೆ ಘನ ಅಮೋನಿಯಂ ಕ್ಲೋರೈಡ್ ಹಾಕಿ ಬಿಸಿ ಮಾಡಿದರೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದೇ ಪುಡಿ ಮೆಗ್ನೀಸಿಯಂ ಹೈಡ್ರಾಕ್ಸೈಡನ್ನು ಕರಗಿಸುತ್ತದೆ, ಅಲ್ಯುಮಿನಿಯಂ ಹೈಡ್ರಾಕ್ಸೈಡನ್ನು ವಾಪಸ್ ತರುತ್ತದೆ. ಎರಡೂ ಕಡೆ ಅದು ಮಾಡುವುದು ಒಂದೇ ಕೆಲಸ, ಹೈಡ್ರಾಕ್ಸೈಡ್ ಇಳಿಸುವುದು. ಇದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು ಅಂತ ನನ್ನ ಆಸೆ.

ಚಿಟಿಕೆ ಅಂದೆ, ಎಷ್ಟು ಅಂತ ಹೇಳಿಬಿಡುತ್ತೇನೆ. 2 ಮಿಲಿಲೀಟರ್ ದ್ರಾವಣ 1 ಮೋಲಾರ್ ಆಗಲು ಸುಮಾರು 0.1 ಗ್ರಾಂ ಬೇಕು. ಸ್ಪಾಚುಲಾದ ತುದಿಯಷ್ಟು. ಅದು ಪೂರ್ತಿ ಕರಗಿದ ಮೇಲೆಯೇ ಅಮೋನಿಯಾ ಹಾಕಬೇಕು. ತಳದಲ್ಲಿ ಹರಳಾಗಿ ಬಿದ್ದಿರುವ ಅಮೋನಿಯಂ ಕ್ಲೋರೈಡ್ ಯಾವ ಸಮತೋಲನವನ್ನೂ ಸರಿಸುವುದಿಲ್ಲ.

ಬಾಟಲಿ ಅದಲುಬದಲಾಗುವುದೂ ಉಂಟು. ಸೋಡಿಯಂ ಹೈಡ್ರಾಕ್ಸೈಡ್, ಅಮೋನಿಯಂ ಹೈಡ್ರಾಕ್ಸೈಡ್ ಎರಡೂ ನೀರಿನಂತೆ ಕಾಣುತ್ತವೆ. ಬಾಟಲಿಯ ಬಾಯಿಯನ್ನು ಮೂಗಿನಿಂದ ದೂರ ಹಿಡಿದು ಕೈಬೀಸಿ ವಾಸನೆ ನೋಡಿ. ಘಾಟಿಲ್ಲದಿದ್ದರೆ ಅದು ಅಮೋನಿಯಾ ಅಲ್ಲ, ಅಥವಾ ಅಮೋನಿಯಾ ಹಾರಿಹೋಗಿದೆ. ಬೇಸಿಗೆಯಲ್ಲಿ ಬಿರಡೆ ಸಡಿಲವಾದ ಬಾಟಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಮ್ಯಾಂಗನೀಸ್ ಇದ್ದರೆ ಇನ್ನೂ ಎಚ್ಚರ ಬೇಕು. ಮ್ಯಾಂಗನೀಸ್ ಹೈಡ್ರಾಕ್ಸೈಡಿನ ಕೆಎಸ್‌ಪಿ ಸುಮಾರು 1.9 × 10⁻¹³. ಮೇಲಿನ ಲೆಕ್ಕದಲ್ಲಿ ಅಮೋನಿಯಂ ಕ್ಲೋರೈಡ್ 1 ಮೋಲಾರ್ ಇದ್ದಾಗ ಗುಣಲಬ್ಧ 3.2 × 10⁻¹³ ಬಂತು ಅಲ್ವಾ? ಗೆರೆಯ ಮೇಲೇ ನಿಂತಿದೆ. ಇನ್ನೂ ಜಾಸ್ತಿ ಅಮೋನಿಯಂ ಕ್ಲೋರೈಡ್ ಬೇಕು, ಮತ್ತು ಟ್ಯೂಬನ್ನು ಹಾಗೇ ಬಿಟ್ಟು ಮಾತಾಡಲು ಹೋಗಬಾರದು. ಗಾಳಿಯ ಆಕ್ಸಿಜನ್ ತಗುಲಿ ನಿಧಾನವಾಗಿ ಕಂದು ಬಣ್ಣ ಬರುತ್ತದೆ, ಅದನ್ನು ನೋಡಿ ಕಬ್ಬಿಣ ಅಂದುಕೊಳ್ಳುತ್ತಾರೆ. ಕಬ್ಬಿಣದ ಕೆಂಪು ಕಂದು ಅಮೋನಿಯಾ ಬಿದ್ದ ತಕ್ಷಣ ಬರುತ್ತದೆ. ಮ್ಯಾಂಗನೀಸ್‌ನ ಕಂದು ಹೊತ್ತು ಕಳೆದಂತೆ ಮೇಲಿನಿಂದ ಕೆಳಗೆ ಇಳಿಯುತ್ತದೆ.

ಅಲ್ಯುಮಿನಿಯಂ ಇದ್ದೂ ಕಾಣದಿರುವುದು ಇನ್ನೊಂದು ತಪ್ಪು. ಅದರ ಪ್ರಕ್ಷೇಪ ಸೀಮೆಸುಣ್ಣದ ಪುಡಿಯಂತೆ ಇರುವುದಿಲ್ಲ. ತೆಳು ಗಂಜಿಯ ಹಾಗೆ, ಬೆಳಕು ಆಚೆಗೆ ಹಾಯುವಂತೆ ಇರುತ್ತದೆ. ಬಿಳಿ ಟೈಲ್ಸ್ ಗೋಡೆಗೆ ಎದುರು ಹಿಡಿದರೆ ಕಾಣುವುದೇ ಇಲ್ಲ. ಕಪ್ಪು ಬಟ್ಟೆಯ ಎದುರು ಹಿಡಿದು ನೋಡಿ. ಅಮೋನಿಯಾ ವಿಪರೀತ ಜಾಸ್ತಿಯಾದರೆ ಸ್ವಲ್ಪ ಕರಗಿಯೂ ಹೋಗುತ್ತದೆ. ಹಾಗಾಗಿದ್ದರೆ ಕುದಿಸಿ, ಹೆಚ್ಚಿನ ಅಮೋನಿಯಾ ಹಾರಿದ ಮೇಲೆ ಮತ್ತೆ ನೋಡಿ.

ಮೊದಲನೇ ಗ್ರೂಪ್: ಸೀಸ ಎರಡು ಕಡೆ ಬರುವುದು

ಸೀಸದ ಕ್ಲೋರೈಡ್ ನಿಜಕ್ಕೂ ಅಷ್ಟೇನೂ ಕರಗದ ಲವಣವಲ್ಲ. ಕೆಎಸ್‌ಪಿ 1.6 × 10⁻⁵. ಲೆಕ್ಕ ಮಾಡಿದರೆ ಶುದ್ಧ ನೀರಿನಲ್ಲಿ 0.016 ಮೋಲಾರ್‌ವರೆಗೆ ಕರಗಿರುತ್ತದೆ. ಸಿಲ್ವರ್ ಕ್ಲೋರೈಡ್ ಜೊತೆ ಹೋಲಿಸಿ, ಅದರದು 1.8 × 10⁻¹⁰. ಹಾಗಾಗಿ ದ್ರಾವಣ ತೆಳುವಾಗಿದ್ದರೆ, ಅಥವಾ ಬಿಸಿಯಾಗಿದ್ದರೆ, ಸೀಸ ಮೊದಲನೇ ಗ್ರೂಪಿನಲ್ಲಿ ಕಾಣದೆ ಎರಡನೇ ಗ್ರೂಪಿಗೆ ಹೋಗಿ ಕಪ್ಪು ಸಲ್ಫೈಡ್ ಆಗುತ್ತದೆ. ಮಕ್ಕಳು ಅದನ್ನು ತಾಮ್ರ ಅನ್ನುತ್ತಾರೆ. ಟ್ಯೂಬನ್ನು ನಲ್ಲಿಯ ನೀರಿನ ಕೆಳಗೆ ಹಿಡಿದು ತಣ್ಣಗೆ ಮಾಡಿ, ಗಾಜಿನ ಕಡ್ಡಿಯಿಂದ ಒಳಗೋಡೆ ಕೆರೆದು ನೋಡಿ. ಬಿಳಿ ಬಂದರೆ ಬಿಸಿ ನೀರಿನಲ್ಲಿ ಕರಗುತ್ತದೆ, ತಣಿದರೆ ಸೂಜಿಯಂಥ ಹರಳಾಗಿ ಮರಳುತ್ತದೆ.

ಡೈಲ್ಯೂಟ್ ಆಮ್ಲದ ಬದಲು ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಎರಡು ವಿಚಿತ್ರ ಆಗಬಹುದು. ಸೀಸದ ಕ್ಲೋರೈಡ್ ಇನ್ನಷ್ಟು ಕ್ಲೋರೈಡ್ ಸೇರಿಸಿಕೊಂಡು ಸಂಕೀರ್ಣ ಅಯಾನಾಗಿ ಕರಗಿಬಿಡುತ್ತದೆ. ಬೇರಿಯಂ ಕ್ಲೋರೈಡಿನ ದಪ್ಪ ದ್ರಾವಣವಾಗಿದ್ದರೆ ಇದಕ್ಕೆ ಉಲ್ಟಾ. ಕ್ಲೋರೈಡ್ ಜಾಸ್ತಿಯಾಗಿ ಬೇರಿಯಂ ಕ್ಲೋರೈಡೇ ಬಿಳಿ ಹರಳಾಗಿ ಇಳಿಯುತ್ತದೆ. ನೀರು ಹಾಕಿ ಅಲ್ಲಾಡಿಸಿದರೆ ಮಾಯವಾಗುತ್ತದೆ. ಹಾಗೆ ಮಾಯವಾದದ್ದು ಸೀಸ ಅಂತ ಬರೆಯಬೇಡಿ.

ಎರಡು ಮತ್ತು ನಾಲ್ಕು: ಒಂದೇ ಅನಿಲ

ಎರಡನೇ ಮತ್ತು ನಾಲ್ಕನೇ ಗ್ರೂಪಿಗೆ ಕಾರಕ ಒಂದೇ, ಹೈಡ್ರೋಜನ್ ಸಲ್ಫೈಡ್. ವ್ಯತ್ಯಾಸ ಇರುವುದು ಆಮ್ಲದಲ್ಲಿ. ಈ ಅನಿಲ ನೀರಿನಲ್ಲಿ ಎರಡು ಹೈಡ್ರೋಜನ್ ಬಿಟ್ಟುಕೊಟ್ಟು ಸಲ್ಫೈಡ್ ಆಗುತ್ತದೆ. ಅನಿಲ ತುಂಬಿದ ದ್ರಾವಣದಲ್ಲಿ ಹೈಡ್ರೋಜನ್ ಅಯಾನು ಹತ್ತು ಪಟ್ಟು ಕಡಿಮೆಯಾದರೆ ಸಲ್ಫೈಡ್ ನೂರು ಪಟ್ಟು ಜಾಸ್ತಿಯಾಗುತ್ತದೆ. ಈ ವರ್ಗದ ಸಂಬಂಧ ನೆನಪಿದ್ದರೆ ಮುಕ್ಕಾಲು ತಪ್ಪು ತಾನಾಗಿ ಅರ್ಥವಾಗುತ್ತದೆ.

ತಾಮ್ರದ ಸಲ್ಫೈಡಿನ ಕೆಎಸ್‌ಪಿ ಸುಮಾರು 6 × 10⁻³⁶. ಎಷ್ಟು ಆಮ್ಲ ಹಾಕಿದರೂ ಅದು ಇಳಿದೇ ಇಳಿಯುತ್ತದೆ. ಮ್ಯಾಂಗನೀಸ್ ಸಲ್ಫೈಡಿನದು 2.5 × 10⁻¹³, ಆಮ್ಲದಲ್ಲಿ ಅದು ಇಳಿಯುವುದೇ ಇಲ್ಲ. ತೊಂದರೆ ಕೊಡುವವರು ನಡುವಿನವರು. ಆಮ್ಲ ಕಡಿಮೆಯಾದರೆ ಸತು ಎರಡನೇ ಗ್ರೂಪಿನಲ್ಲೇ ಬಿಳಿಯಾಗಿ ಬರುತ್ತದೆ. ಆಮ್ಲ ವಿಪರೀತವಾದರೆ ಸೀಸ ಪೂರ್ತಿ ಇಳಿಯುವುದಿಲ್ಲ. ಒರಿಜಿನಲ್ ಸೊಲ್ಯೂಷನ್ನನ್ನು ಗಾಢ ಆಮ್ಲದಲ್ಲಿ ಮಾಡಿಕೊಂಡಿದ್ದರೆ ನೀರು ಬೆರೆಸಿ ತೆಳು ಮಾಡಿ, ಮತ್ತೆ ಅನಿಲ ಹಾಯಿಸಿ. ಆಗ ಕಪ್ಪು ಬಂದರೆ ತಪ್ಪು ಆಮ್ಲದ್ದೇ.

ನಾಲ್ಕನೇ ಗ್ರೂಪಿನಲ್ಲಿ ಏನೂ ಬರದಿದ್ದರೆ ಮೊದಲು ಕೆಂಪು ಲಿಟ್ಮಸ್ ಹಾಕಿ ನೋಡಿ. ನೀಲಿಯಾಗದಿದ್ದರೆ ಅಮೋನಿಯಾ ಸಾಲದು. ಸತುವಿನ ಬಿಳಿ, ಮ್ಯಾಂಗನೀಸ್‌ನ ಮೈಬಣ್ಣದ ಸಲ್ಫೈಡ್ ಎರಡೂ ಪೂರ್ತಿ ಇಳಿಯಲು ಕ್ಷಾರ ಬೇಕು.

ಈ ಅನಿಲದ ಬಗ್ಗೆ ಒಂದು ಮಾತು. ಇದು ವಿಷ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಹೊತ್ತಿಗೆ ನಿಂತರೆ ಅನಿಲ ಹೋಯಿತು ಅಂತ ಅಲ್ಲ, ಮೂಗು ಮರಗಟ್ಟಿರಬಹುದು. ಫ್ಯೂಮ್ ಹುಡ್ ಅಡಿಯಲ್ಲೇ ಕೆಲಸ ಮಾಡಿ.

ಕಬ್ಬಿಣ ಕಳೆದುಹೋಗುವುದು

ಲಕ್ಷಣ ಹೀಗಿರುತ್ತದೆ. ಹಳದಿ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಿರಿ. ಹಳದಿ ಹೋಗಿ, ದ್ರಾವಣ ನೀರು ಬೆರೆಸಿದ ಹಾಲಿನಂತೆ ಆಯಿತು. ಸೋಸಿದರೆ ಕಾಗದವನ್ನೂ ದಾಟಿ ಬರುತ್ತದೆ. ಆಮೇಲೆ ಮೂರನೇ ಗ್ರೂಪಿನಲ್ಲಿ ಕೆಂಪು ಕಂದು ಬರುವ ಬದಲು ಕೊಳಕು ಹಸಿರು ಬಂತು, ಅಥವಾ ನಾಲ್ಕನೇ ಗ್ರೂಪಿನಲ್ಲಿ ಕಪ್ಪು ಬಂತು.

ಹಾಲಿನಂತೆ ಕಂಡದ್ದು ಗಂಧಕ. ಫೆರಿಕ್ ಅಯಾನು ಹೈಡ್ರೋಜನ್ ಸಲ್ಫೈಡಿನಿಂದ ಗಂಧಕ ಬಿಡಿಸಿ, ತಾನು ಫೆರಸ್ (ಮೂರರ ಬದಲು ಎರಡು ಧನ ಆವೇಶದ ಕಬ್ಬಿಣ) ಆಯಿತು. ಫೆರಸ್ ಹೈಡ್ರಾಕ್ಸೈಡ್ ಫೆರಿಕ್‌ನಷ್ಟು ಕರಗದ ವಸ್ತುವಲ್ಲ. ಅಮೋನಿಯಂ ಕ್ಲೋರೈಡ್ ಕಟ್ಟಿದ ಅಣೆಕಟ್ಟಿನ ಮುಂದೆ ಅದು ಪೂರ್ತಿ ಇಳಿಯುವುದಿಲ್ಲ. ಅದಕ್ಕೇ ಮೂರನೇ ಗ್ರೂಪಿಗೆ ಹೋಗುವ ಮೊದಲು ದ್ರಾವಣವನ್ನು ಕುದಿಸಿ ಅನಿಲ ಪೂರ್ತಿ ಓಡಿಸಬೇಕು, ಆಮೇಲೆ ಗಾಢ ನೈಟ್ರಿಕ್ ಆಮ್ಲ ಎರಡು ಹನಿ ಹಾಕಿ ಮತ್ತೆ ಕುದಿಸಬೇಕು. ಅನಿಲ ಹೋಗಿದೆಯಾ ಅಂತ ನೋಡಲು ಲೆಡ್ ಅಸಿಟೇಟ್ ಕಾಗದವನ್ನು ಆವಿಗೆ ಹಿಡಿಯಿರಿ. ಕಪ್ಪಾಗದಿದ್ದರೆ ಹೋಗಿದೆ. ಈ ಒಂದು ಹಂತವನ್ನು ಬಿಡುವವರೇ ಜಾಸ್ತಿ.

ಐದನೇ ಗ್ರೂಪ್

ಅಮೋನಿಯಂ ಕಾರ್ಬೊನೇಟ್ ಹಾಕಿದಾಗ ಗುಳ್ಳೆ ಬಂದು ಪ್ರಕ್ಷೇಪ ಬರದಿದ್ದರೆ ದ್ರಾವಣ ಇನ್ನೂ ಆಮ್ಲವಾಗಿದೆ. ಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಯಿತು, ಇನ್ನು ಕ್ಯಾಲ್ಸಿಯಂ ಯಾರ ಜೊತೆ ಸೇರಬೇಕು? ಅಮೋನಿಯಾ ಹಾಕಿ ಕ್ಷಾರ ಮಾಡಿ, ಆಮೇಲೆ ಕಾರ್ಬೊನೇಟ್ ಹಾಕಿ.

ಗುಳ್ಳೆಯೂ ಇಲ್ಲ, ಪ್ರಕ್ಷೇಪವೂ ಇಲ್ಲ ಅಂದರೆ ಬಾಟಲಿಯ ಮೇಲೆ ಅನುಮಾನ ಪಡಿ. ಅಮೋನಿಯಂ ಕಾರ್ಬೊನೇಟ್ ಇಟ್ಟಲ್ಲೇ ಅಮೋನಿಯಾ ಬಿಟ್ಟುಕೊಂಡು ಬೈಕಾರ್ಬೊನೇಟ್ ಆಗುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗುವಂಥದ್ದು. ಗೊತ್ತಿರುವ ಬೇರಿಯಂ ಕ್ಲೋರೈಡಿಗೆ ಹಾಕಿ ನೋಡಿದರೆ ಬಾಟಲಿಯ ಸ್ಥಿತಿ ತಿಳಿಯುತ್ತದೆ. ದ್ರಾವಣವನ್ನು ಕುದಿಸಲೂ ಬಾರದು, 60 ಡಿಗ್ರಿ ಆಸುಪಾಸಿನಲ್ಲೇ ಅಮೋನಿಯಂ ಕಾರ್ಬೊನೇಟ್ ಒಡೆದುಹೋಗುತ್ತದೆ. ಅಮೋನಿಯಂ ಕ್ಲೋರೈಡ್ ಇಲ್ಲಿ ಅತಿಯಾದರೂ ತೊಂದರೆ. ಅಮೋನಿಯಂ ಅಯಾನು ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಮೆಗ್ನೀಸಿಯಂ ಕಾರ್ಬೊನೇಟ್ ಬಾರದಂತೆ ತಡೆಯಲು ನಮಗೆ ಸ್ವಲ್ಪ ಅದು ಬೇಕು, ಆದರೆ ಬೇರಿಯಂ ಕೂಡ ನಿಂತುಬಿಡುವಷ್ಟು ಬೇಡ.

ಬೇರಿಯಂ ಖಚಿತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕ್ರೋಮೇಟ್ ಹಾಕುತ್ತೇವೆ. ಅಸಿಟಿಕ್ ಆಮ್ಲ ಯಾಕೆ ಬೇಕು ಅಂತ ಕೇಳಿದ ವಿದ್ಯಾರ್ಥಿಗಳು ನನಗೆ ಬಹಳ ಕಡಿಮೆ ಸಿಕ್ಕಿದ್ದಾರೆ. ಕ್ರೋಮೇಟ್ ಮತ್ತು ಡೈಕ್ರೋಮೇಟ್ ಸಮತೋಲನದಲ್ಲಿ ಇರುತ್ತವೆ. ಆಮ್ಲ ಜಾಸ್ತಿಯಾದರೆ ಹಳದಿ ಕ್ರೋಮೇಟ್ ಕಿತ್ತಳೆ ಡೈಕ್ರೋಮೇಟ್ ಕಡೆಗೆ ಸರಿಯುತ್ತದೆ. ಅಸಿಟಿಕ್ ಆಮ್ಲ ದುರ್ಬಲ, ಅದು ಕ್ರೋಮೇಟನ್ನು ಕಡಿಮೆ ಮಾಡುತ್ತದೆ, ಪೂರ್ತಿ ಮುಗಿಸುವುದಿಲ್ಲ. ಬೇರಿಯಂ ಕ್ರೋಮೇಟಿಗೆ ಅಷ್ಟು ಸಾಕು. ಸ್ಟ್ರಾಂಷಿಯಂ ಕ್ರೋಮೇಟಿನ ಕೆಎಸ್‌ಪಿ ಅದಕ್ಕಿಂತ ಲಕ್ಷ ಪಟ್ಟಿಗೂ ಜಾಸ್ತಿ, ಅದಕ್ಕೆ ಸಾಲದು. ಅಸಿಟಿಕ್ ಆಮ್ಲ ಮರೆತರೆ ಸ್ಟ್ರಾಂಷಿಯಂ ಕೂಡ ಹಳದಿ ಕೊಟ್ಟು ಬೇರಿಯಂ ಅನ್ನಿಸುತ್ತದೆ. ಅದರ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬೇರಿಯಂ ಕೂಡ ಬರುವುದಿಲ್ಲ. ಅನುಮಾನವಿದ್ದರೆ ಜ್ವಾಲೆ ಪರೀಕ್ಷೆ ಮಾಡಿ. ಬೇರಿಯಂ ಸೇಬಿನ ಹಸಿರು, ಸ್ಟ್ರಾಂಷಿಯಂ ಕಡು ಕೆಂಪು, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು.

ಋಣ ಅಯಾನುಗಳಲ್ಲಿ

ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಸಿಲ್ವರ್ ನೈಟ್ರೇಟ್ ಹಾಕಿದಾಗ ಎಲ್ಲರಿಗೂ ಕ್ಲೋರೈಡ್ ಬರುತ್ತಿದೆ ಅಂದರೆ ನೀರು ನೋಡಿ. ಬೋರ್‌ವೆಲ್ ನೀರಿನಲ್ಲಿ ಟ್ಯೂಬ್ ತೊಳೆದು ಹಾಗೇ ಬಳಸಿದರೂ ಸಾಕು. ಲೀಟರಿಗೆ 1 ಮಿಲಿಗ್ರಾಂ ಕ್ಲೋರೈಡ್ ಇದ್ದರೂ, 0.01 ಮೋಲಾರ್ ಸಿಲ್ವರ್ ಜೊತೆ ಗುಣಲಬ್ಧ 2.8 × 10⁻⁷. ಸಿಲ್ವರ್ ಕ್ಲೋರೈಡಿನ ಮಿತಿಗಿಂತ ಸಾವಿರ ಪಟ್ಟು ಮೇಲೆ. ಕೊನೆಯ ಸಲ ತೊಳೆಯುವುದು ಡಿಸ್ಟಿಲ್ಡ್ ವಾಟರ್‌ನಲ್ಲೇ ಆಗಬೇಕು.

ಸೋಡಿಯಂ ಕಾರ್ಬೊನೇಟ್ ಎಕ್ಸ್‌ಟ್ರ್ಯಾಕ್ಟ್ (ಸಾಲ್ಟನ್ನು ಸೋಡಿಯಂ ಕಾರ್ಬೊನೇಟ್ ಜೊತೆ ಕುದಿಸಿ ಸೋಸಿದ ದ್ರಾವಣ) ಬಳಸುವಾಗ ಗುಳ್ಳೆ ಪೂರ್ತಿ ನಿಲ್ಲುವವರೆಗೂ ಆಮ್ಲ ಹಾಕಬೇಕು. ಉಳಿದ ಕಾರ್ಬೊನೇಟ್ ಬೇರಿಯಂ ಜೊತೆ ಬಿಳಿಯಾಗಿ ಇಳಿದು ಸಲ್ಫೇಟ್ ಅನ್ನಿಸಿಬಿಡುತ್ತದೆ. ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ. ಕರಗಿದರೆ ಕಾರ್ಬೊನೇಟ್, ಕರಗದಿದ್ದರೆ ಸಲ್ಫೇಟ್. ಕ್ಲೋರೈಡ್ ಪರೀಕ್ಷೆಗೆ ಮಾತ್ರ ನೈಟ್ರಿಕ್ ಆಮ್ಲವನ್ನೇ ಬಳಸಿ.

ಮೆಗ್ನೀಸಿಯಂ ಕೊನೆಗೂ ಸಿಕ್ಕಾಗ

ಆ ಐವರಲ್ಲಿ ಒಬ್ಬಳು ಹೊಸ ಅಮೋನಿಯಂ ಕ್ಲೋರೈಡ್ ತೆಗೆದುಕೊಂಡು ಮತ್ತೆ ಮೊದಲಿನಿಂದ ಮಾಡಿದಳು. ಮೂರು ಖಾಲಿ, ನಾಲ್ಕು ಖಾಲಿ, ಐದು ಖಾಲಿ. ಮೆಗ್ನೀಸಿಯಂ ಸಿಗಬೇಕಾದ ಆರನೆಯದಕ್ಕೆ ಅಮೋನಿಯಾ ಹಾಕಿ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿದಳು. ಏನೂ ಬರಲಿಲ್ಲ. ಮುಖ ಸಣ್ಣದಾಯಿತು. ಟ್ಯೂಬ್ ಚೆಲ್ಲಲು ಹೊರಟವಳನ್ನು ತಡೆದೆ.

ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್ ಹರಳು ಕಟ್ಟುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ. ಮಿತಿ ದಾಟಿದ ಮೇಲೂ ದ್ರಾವಣ ಸ್ವಲ್ಪ ಹೊತ್ತು ತಿಳಿಯಾಗಿಯೇ ಇರಬಲ್ಲದು. ಮೊದಲ ಹರಳು ಕೂರಲು ಒಂದು ನೆಲೆ ಬೇಕು. ಗಾಜಿನ ಕಡ್ಡಿ ಕೊಟ್ಟು ಒಳಗೋಡೆ ಕೆರೆಯಲು ಹೇಳಿದೆ. ಕೆರೆದು, ಸ್ಟ್ಯಾಂಡ್‌ನಲ್ಲಿ ಇಟ್ಟು, ಐದು ನಿಮಿಷ ಕಾದಳು. ಕಡ್ಡಿ ಗೀರಿದ ಜಾಗದಲ್ಲೇ ಗೆರೆಗೆರೆಯಾಗಿ ಬಿಳಿ ಹರಳು ಮೂಡತೊಡಗಿತು.

ಅಂದಿನಿಂದ ನಮ್ಮ ಶೆಲ್ಫಿನಲ್ಲಿ ಅಮೋನಿಯಂ ಕ್ಲೋರೈಡ್ ದ್ರಾವಣದ ಬಾಟಲಿ ಇಲ್ಲ. ಘನ ಪುಡಿಯ ಡಬ್ಬಿ ಇದೆ. ಅಮೋನಿಯಾ ಮತ್ತು ಅಮೋನಿಯಂ ಕಾರ್ಬೊನೇಟ್ ಬಾಟಲಿಗಳ ಮೇಲೆ ಮಾಡಿದ ತಾರೀಕು ಬರೆದಿರುತ್ತೇವೆ.